ಶ್ವಾಸಕಷ್ಟಪಡುವ ಬೆಕ್ಕಿಗೆ ಮನೆಯಲ್ಲಿ ಅಲ್ಪವ್ಯಯದ ಆಮ್ಲಜನಕೋಪಚಾರ

ರಾಗಿ, ಕಡಲೆಕಾಯಿ, ಕೊಬ್ಬರಿಗಳನ್ನು ಕೂಡಿಡುವ ಮನೆಗೆ ಇಲಿಯೇ ಪರಮಶತ್ರು. ಗೂಳೂರಿನ ಸುತ್ತಣ ಬೇಸಾಯಗಾರರ ಮನೆಗಳಲ್ಲಿ ಈ ಶತ್ರುವಿನಿಂದ ಧಾನ್ಯವನ್ನು ಸಂಬಳವಿಲ್ಲದೆ ಕಾಯುವ ಪ್ರಾಣಿಯೆಂದರೆ ಬೆಕ್ಕು. ಎತ್ತು ಮೇವು ಬಿಟ್ಟರೆ ಒಡನೆಯೇ ವೈದ್ಯರನ್ನು ಕರೆಸುವ ಯಜಮಾನರು, ಬೆಕ್ಕು ಏದುಸಿರು ಬಿಡುತ್ತಿದ್ದರೆ ಅದರ ಹಣೆಬರಹವೆಂದು ಸುಮ್ಮನಾಗುವುದುಂಟು. ಇದು ಯುಕ್ತವಲ್ಲ. ಸಕಾಲದಲ್ಲಿ ಆಮ್ಲಜನಕ ದೊರೆತು, ರೋಗದ ಮೂಲಕ್ಕೆ ಚಿಕಿತ್ಸೆಯೂ ನಡೆದರೆ, ಇಂತಹ ಬೆಕ್ಕುಗಳಲ್ಲಿ ಅನೇಕವು ಬದುಕುತ್ತವೆ. ಈ ಉಪಚಾರವನ್ನು ಮಿತವಾದ ವೆಚ್ಚದಲ್ಲಿ ಮನೆಯಲ್ಲಿಯೇ ನಡೆಸುವ ಕ್ರಮವನ್ನೂ, ಅದರ ಮಿತಿಯನ್ನೂ ಮುಖಂಡರೂ ಜಮೀನ್ದಾರರೂ ಅರಿತು ಇತರರಿಗೆ ತಿಳಿಸಬೇಕೆಂಬುದು ಈ ಲೇಖನದ ಉದ್ದೇಶ.

೧. ಲಕ್ಷಣಗಳು

ಆರೋಗ್ಯವಾದ ಬೆಕ್ಕು ಮಲಗಿರುವಾಗ ನಿಮಿಷಕ್ಕೆ ಸುಮಾರು ೨೦ರಿಂದ ೩೦ ಸಲ ಉಸಿರಾಡುವುದು. ಗಡಿಯಾರವನ್ನು ಮುಂದಿಟ್ಟುಕೊಂಡು ಪಕ್ಕೆಯ ಏರಿಳಿತವನ್ನು ಎಣಿಸತಕ್ಕದ್ದು. ವಿಶ್ರಾಂತಿಯಲ್ಲಿಯೂ ಎಣಿಕೆ ೪೦ನ್ನು ಮೀರಿದರೆ ಅಪಾಯವೆಂದು ತಿಳಿಯಬೇಕು. ನಾಯಿ ಬಾಯಿ ತೆರೆದು ಏದುವುದು ಸಹಜ. ಬೆಕ್ಕು ಬಾಯಿ ತೆರೆದು ಏದಿದರೆ ಅದು ಪ್ರಾಣಸಂಕಟದ ಗುರುತು. ಕತ್ತು ನೀಡಿ, ಮೊಳಕೈಗಳನ್ನು ಹೊರಕ್ಕೆ ಚಾಚಿ ಕೂರುವುದು, ಒಸಡು ನೀಲಿಯಾಗಿ ಇಲ್ಲವೆ ಬಿಳಿಚಿ ತೋರುವುದು, ಇವು ಇನ್ನೂ ಕೆಟ್ಟ ಚಿಹ್ನೆಗಳು. ಮನುಷ್ಯರ ಬೆರಳಿಗೆ ಹಾಕುವ ಆಕ್ಸಿಮೀಟರು ಬೆಕ್ಕಿನ ವಿಷಯದಲ್ಲಿ ನಂಬತಕ್ಕದ್ದಲ್ಲ.

೨. ಕಾರಣಗಳು

ಮರಿಗಳಲ್ಲಿ ನೆಗಡಿಯ ಜ್ವರ, ದೊಡ್ಡವುಗಳಲ್ಲಿ ಉಬ್ಬಸ, ಹೃದ್ರೋಗ, ಎದೆಗೂಡಿನಲ್ಲಿ ನೀರು ಅಥವಾ ಕೀವು ತುಂಬುವುದು, ಇವು ಮುಖ್ಯವಾದುವು. ಬೇಸಾಯಗಾರರ ಮನೆಗಳಲ್ಲಿ ಇನ್ನೊಂದು ಕಾರಣವುಂಟು: ಇಲಿಗಿಟ್ಟ ವಿಷ. ಬ್ರೊಮಾಡಿಯೊಲೋನ್ ತಿಂದ ಇಲಿಗಳನ್ನು ತಿಂದ ಬೆಕ್ಕಿಗೆ ರಕ್ತವು ಹೆಪ್ಪುಗಟ್ಟದೆ ಎದೆಯೊಳಗೆ ಸ್ರವಿಸಬಹುದು. ಇದಕ್ಕೆ ಕೆ೧ ಜೀವಸತ್ವವೇ ಪ್ರತಿವಿಷ. ಜಿಂಕ್ ಫಾಸ್ಫೈಡು ಶ್ವಾಸಕೋಶವನ್ನೇ ಕೆಡಿಸುವುದು. ಆದಕಾರಣ ಬೆಕ್ಕನ್ನು ಸಾಕಿದವರು ವಿಷವನ್ನಿಡದಿರುವುದೇ ಮೇಲು.

ಜ್ವರವಿದೆಯೆಂದು ಮನುಷ್ಯರ ಪ್ಯಾರಸಿಟಮಾಲ್ ಗುಳಿಗೆಯನ್ನು ಬೆಕ್ಕಿಗೆ ಎಂದಿಗೂ ಕೊಡಕೂಡದು. ಒಂದು ಗುಳಿಗೆಯಿಂದಲೇ ಬೆಕ್ಕು ಸಾಯಬಹುದು. ಅದು ರಕ್ತವನ್ನು ಕಂದುಬಣ್ಣಕ್ಕೆ ತಿರುಗಿಸಿ, ಆಮ್ಲಜನಕವನ್ನು ಹೊರುವ ಶಕ್ತಿಯನ್ನು ಕೆಡಿಸುತ್ತದೆ.

೩. ಆಮ್ಲಜನಕದ ಮೂಲ

ನಾವು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕವು ನೂರಕ್ಕೆ ೨೧ ಭಾಗ ಮಾತ್ರ. ಅದರ ಬೆಲೆಯನ್ನು ನಮ್ಮ ನಾಡಿನವರು ೨೦೨೧ರ ಮೇ ತಿಂಗಳಲ್ಲಿ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯ ದುರಂತದಿಂದ ಅರಿತರು. ಆ ವರ್ಷದ ತರುವಾಯ ಕಾನ್ಸಂಟ್ರೇಟರ್ ಯಂತ್ರವು ಅನೇಕರ ಪರಿಚಯಕ್ಕೆ ಬಂದಿದೆ. ಈ ಯಂತ್ರವು ಗಾಳಿಯನ್ನು ಜಿಯೊಲೈಟ್ ಎಂಬ ಖನಿಜದ ಮೂಲಕ ಒತ್ತಿ, ಸಾರಜನಕವನ್ನು ತಡೆದು, ನೂರಕ್ಕೆ ಸುಮಾರು ೯೦ ಭಾಗ ಆಮ್ಲಜನಕವುಳ್ಳ ಗಾಳಿಯನ್ನು ಕೊಡುವುದು. ನಿಮಿಷಕ್ಕೆ ೫ ಲೀಟರು ಕೊಡುವ ಯಂತ್ರಕ್ಕೆ ಸುಮಾರು ೩೫೦ ವಾಟ್ ವಿದ್ಯುತ್ತು ಬೇಕು. ಹಗಲಿರುಳು ನಡೆಸಿದರೆ ದಿನಕ್ಕೆ ಎಂಟು ಯೂನಿಟ್ಟಿಗೆ ಸ್ವಲ್ಪ ಮೇಲೆ ಖರ್ಚಾಗುವುದು. ಯಂತ್ರವನ್ನು ಕೊಳ್ಳುವುದಕ್ಕಿಂತ ಬಾಡಿಗೆಗೆ ತರುವುದು ಲಾಭಕರ.

ಬಿ ಮಾದರಿಯ ಸಣ್ಣ ಸಿಲಿಂಡರಿನಲ್ಲಿ ಸುಮಾರು ೧,೫೦೦ ಲೀಟರು ಹಿಡಿಯುವುದು. ನಿಮಿಷಕ್ಕೆ ೫ ಲೀಟರಿನಂತೆ ಬಿಟ್ಟರೆ ೫ ಗಂಟೆ, ೨ ಲೀಟರಿನಂತೆ ಬಿಟ್ಟರೆ ಹನ್ನೆರಡೂವರೆ ಗಂಟೆ ಬರುವುದು. ವಿದ್ಯುತ್ತು ತಪ್ಪಿದಾಗಲೂ, ಪಟ್ಟಣಕ್ಕೆ ಒಯ್ಯುವಾಗಲೂ ಇದು ಅನುಕೂಲ. ಅಂಗಡಿಗಳಲ್ಲಿ ದೊರೆಯುವ ೧೦ ಲೀಟರಿನ ಡಬ್ಬಿಯು ೨ ಲೀಟರಿನ ವೇಗದಲ್ಲಿ ಐದೇ ನಿಮಿಷಕ್ಕೆ ಮುಗಿಯುವುದರಿಂದ ಅದಕ್ಕೆ ಹಣ ಹಾಕುವುದು ವ್ಯರ್ಥ.

೪. ಪೆಟ್ಟಿಗೆಯ ರಚನೆ

ಮುಚ್ಚಳವುಳ್ಳ ಪಾರದರ್ಶಕವಾದ ಪ್ಲಾಸ್ಟಿಕ್ ಪೆಟ್ಟಿಗೆ, ಬೆಕ್ಕು ತಿರುಗಿ ಮಲಗುವಷ್ಟು ದೊಡ್ಡದಾಗಿದ್ದರೆ ಸಾಕು. ಒಂದು ಪಕ್ಕದ ಕೆಳಭಾಗದಲ್ಲಿ ಕೊಳವೆಗೆ ರಂಧ್ರವನ್ನು ಮಾಡಿ, ಎದುರು ಪಕ್ಕದ ಮೇಲ್ಭಾಗದಲ್ಲಿಯೂ ಮುಚ್ಚಳದಲ್ಲಿಯೂ ಹೊರಗಾಳಿಗೆ ಹಲವು ರಂಧ್ರಗಳನ್ನು ಕೊರೆಯತಕ್ಕದ್ದು. ಆಮ್ಲಜನಕವು ಪೋಲಾಗುವುದೆಂದು ಈ ರಂಧ್ರಗಳನ್ನು ಮುಚ್ಚುವುದು ಮಹಾಪ್ರಮಾದ. ೧೭೭೦ರ ದಶಕದಲ್ಲಿ ಇಂಗ್ಲೆಂಡಿನ ಪ್ರೀಸ್ಟ್ಲಿ ಎಂಬ ಪಂಡಿತನು ಮುಚ್ಚಿದ ಗಾಜಿನ ಪಾತ್ರೆಯಲ್ಲಿ ಆಮ್ಲಜನಕವನ್ನು ತುಂಬಿ ಇಲಿಯನ್ನಿಟ್ಟನು. ಸಾಧಾರಣ ಗಾಳಿಯಲ್ಲಿ ಕಾಲು ಗಂಟೆ ಬದುಕಬಹುದಾದ ಇಲಿ ಅದರಲ್ಲಿ ಅರ್ಧ ಗಂಟೆ ತಾಳಿತು. ಆದರೆ ಅದಕ್ಕೂ ಮಿತಿಯಿತ್ತು. ಉಸಿರಿನಿಂದ ಹೊರಬೀಳುವ ಇಂಗಾಲಾಮ್ಲವೂ ಮೈಯ ಬಿಸಿಯೂ ಹೊರಕ್ಕೆ ಹೋಗಲೇಬೇಕು.

ಮೊದಲು ನಿಮಿಷಕ್ಕೆ ೫ ಲೀಟರು ಬಿಡಬೇಕು. ಪೆಟ್ಟಿಗೆಯೊಳಗೆ ನೂರಕ್ಕೆ ೪೦ ಭಾಗದಷ್ಟು ಆಮ್ಲಜನಕವಿದ್ದರೆ ಸಾಕು. ೬೦ಕ್ಕೆ ಮೀರಿ ಒಂದು ದಿನಕ್ಕಿಂತ ಹೆಚ್ಚು ಕಾಲ ಕೊಟ್ಟರೆ ಶ್ವಾಸಕೋಶಕ್ಕೇ ಕೇಡು. ಇದನ್ನು ಅಳೆಯುವ ಸಣ್ಣ ಮಾಪಕವೂ ದೊರೆಯುವುದು. ಬೇಸಗೆಯಲ್ಲಿ ಒಳಗಿನ ಕಾವು ಏರದಂತೆ, ಬಟ್ಟೆ ಸುತ್ತಿದ ಮಂಜುಗಡ್ಡೆಯ ಸೀಸೆಯನ್ನು ಒಂದು ಮೂಲೆಯಲ್ಲಿಟ್ಟು, ಥರ್ಮಾಮೀಟರಿನಿಂದ ನೋಡುತ್ತಿರಬೇಕು. ಪಾರ್ಶ್ವದಲ್ಲಿ ನೀರಾಡಿದರೆ ರಂಧ್ರಗಳು ಸಾಲವೆಂದು ತಿಳಿಯತಕ್ಕದ್ದು. ಪೆಟ್ಟಿಗೆ ಸಿದ್ಧವಾಗುವವರೆಗೆ ಕೊಳವೆಯನ್ನು ಮೂಗಿನಿಂದ ಒಂದಂಗುಲ ದೂರದಲ್ಲಿ ಹಿಡಿದು ೨-೩ ಲೀಟರು ಬಿಟ್ಟರೂ ಉಪಶಮನವಾಗುವುದು.

೫. ಮಾಡಬಾರದ ಕೆಲಸಗಳು

(ಅ) ಬೆಕ್ಕನ್ನು ಒತ್ತಿ ಹಿಡಿದು ಹೋರಾಡಬಾರದು. ಆ ಆಯಾಸದಿಂದಲೇ ಪ್ರಾಣ ಹೋಗಬಹುದು.
(ಆ) ಏದುತ್ತಿರುವಾಗ ಬಾಯಿಗೆ ಹಾಲು, ನೀರು, ಕಷಾಯಗಳನ್ನು ಹೊಯ್ಯಬಾರದು.
(ಇ) ಹತ್ತಿರದಲ್ಲಿ ಒಲೆ, ದೀಪ, ಬೀಡಿ, ಕರ್ಪೂರಗಳಿರಕೂಡದು. ಆಮ್ಲಜನಕದಲ್ಲಿ ಕಿಡಿಯು ಜ್ವಾಲೆಯಾಗುವುದು. ಸಿಲಿಂಡರಿನ ತಿರುಪಿಗೆ ಎಣ್ಣೆ ಸವರಬಾರದು.
(ಈ) ಸಾಂಬ್ರಾಣಿಯ ಹೊಗೆ, ಸೊಳ್ಳೆಬತ್ತಿ, ಗಣಪತಿಯ ವಿಸರ್ಜನೆಯ ಕಾಲದ ಸಿಡಿಮದ್ದಿನ ಹೊಗೆ, ಇವುಗಳಿಂದ ರೋಗಿಯನ್ನು ದೂರವಿಡಬೇಕು.

೬. ಉಪಚಾರದ ಮಿತಿ

ಆಮ್ಲಜನಕವು ರೋಗವನ್ನು ವಾಸಿಮಾಡುವುದಿಲ್ಲ. ವೈದ್ಯನು ಬರುವವರೆಗೆ ವೇಳೆಯನ್ನು ಗಳಿಸಿಕೊಡುವುದು. ಎದೆಯಲ್ಲಿ ನೀರು ತುಂಬಿದ್ದರೆ ಸೂಜಿಯಿಂದ ತೆಗೆಯಲೇಬೇಕು. ಎಷ್ಟು ಸಿಲಿಂಡರು ಮುಗಿಸಿದರೂ ಅದು ತಗ್ಗದು. ಆದುದರಿಂದ ಪೆಟ್ಟಿಗೆಯನ್ನು ಅಣಿಮಾಡುತ್ತಿರುವಾಗಲೇ ಒಬ್ಬರು ಪಶುವೈದ್ಯರಿಗೆ ಸುದ್ದಿ ಮುಟ್ಟಿಸಬೇಕು. ಪಶುಪಾಲನಾ ಇಲಾಖೆಯ ಸಹಾಯವಾಣಿಯ ಸಂಖ್ಯೆ ೧೯೬೨. ಕುಣಿಗಲ್ ರಸ್ತೆಯಲ್ಲಿ ಗೂಳೂರಿನಿಂದ ತುಮಕೂರಿಗೆ ಕೆಲವೇ ಕಿಲೋಮೀಟರುಗಳ ದಾರಿ. ಹೊತ್ತು ಮೀರುವ ಮುನ್ನ ಹೋಗುವುದು ಕಷ್ಟವಲ್ಲ. ವೈದ್ಯರು ರೋಗವನ್ನು ಗುರುತಿಸಿ ಔಷಧ ಕೊಟ್ಟ ಮೇಲೆ, ಉಳಿದ ದಿನಗಳ ಆಮ್ಲಜನಕವನ್ನು ಮನೆಯಲ್ಲಿ ಕೊಡುವುದರಿಂದಲೇ ನಿಜವಾದ ಉಳಿತಾಯ. ಚೇತರಿಸಿದಂತೆಲ್ಲ ಅವರ ಸಲಹೆಯಂತೆ ಪ್ರಮಾಣವನ್ನು ಕ್ರಮವಾಗಿ ತಗ್ಗಿಸಿ, ಪ್ರತಿಸಲವೂ ಉಸಿರನ್ನು ಎಣಿಸಿ ಬರೆದಿಡತಕ್ಕದ್ದು. ವಾಸಿಯಾಗದ ರೋಗವೆಂದು ವೈದ್ಯರು ಹೇಳಿದರೆ, ಪ್ರಾಣಿಯ ಸಂಕಟವನ್ನು ಲಂಬಿಸದೆ ಅವರ ಕೈಯಿಂದ ನೋವಿಲ್ಲದ ಅಂತ್ಯವನ್ನು ಕೊಡಿಸುವುದೂ ದಯೆಯೇ.

ಒಬ್ಬೊಬ್ಬರೂ ಯಂತ್ರವನ್ನು ತರುವುದು ಭಾರವಾದೀತು. ನಾಲ್ಕಾರು ಮನೆಗಳವರು ಸೇರಿ, ಇಲ್ಲವೆ ಊರಿನ ಹಾಲಿನ ಸಂಘದವರು, ಒಂದು ಪೆಟ್ಟಿಗೆಯನ್ನೂ ಕೊಳವೆಯನ್ನೂ ಸಿದ್ಧವಾಗಿಟ್ಟು, ಯಂತ್ರವು ಎಲ್ಲಿ ಬಾಡಿಗೆಗೆ ದೊರೆಯುವುದೆಂಬುದನ್ನು ಬರೆದಿಟ್ಟುಕೊಂಡರೆ ಸಾಕು. ಅದೇ ಪೆಟ್ಟಿಗೆ ನಾಯಿಮರಿಗೂ ಒದಗುವುದು. ಮನುಷ್ಯರಿಗೆ ಯಂತ್ರದ ಅವಶ್ಯಕತೆ ಒದಗಿದಾಗ ಅವರಿಗೇ ಪ್ರಥಮಸ್ಥಾನವೆಂಬುದನ್ನು ಹೇಳಬೇಕಾದುದಿಲ್ಲ. ಮುಖಂಡರು ಈ ವಿಷಯವನ್ನು ಗ್ರಾಮಸಭೆಯಲ್ಲಿ ಓದಿ ಹೇಳಿ, ಉಸಿರನ್ನು ಎಣಿಸುವ ಕ್ರಮವನ್ನು ಮನೆಯ ಮಕ್ಕಳಿಗೂ ಕಲಿಸುವರೆಂದು ನಂಬಲಾಗಿದೆ.