ಕೂಸುಗಳ ಕಣ್ಣಿನ ಪೊರೆ

ಪೊರೆಯು ಮುದುಕರಿಗೆ ಮಾತ್ರ ಬರುವದೆಂದು ನಮ್ಮ ಹಳ್ಳಿಗಳಲ್ಲಿ ಅನೇಕರ ಎಣಿಕೆ. ಹಾಗಲ್ಲ, ಹುಟ್ಟಿದ ಕೂಸಿನ ಕಣ್ಣಲ್ಲಿಯೂ ಅದು ಇರುವದುಂಟು. ಕರೀ ಪಾಪೆಯ ಹಿಂದೆ ತಿಳಿನೀರಿನಂಥ ಒಂದು ಮಸೂರವದೆ. ಅದು ಮಬ್ಬಾದರೆ ಬೆಳಕು ಒಳಗೆ ಸರಿಯಾಗಿ ಸೇರದು, ಇದೇ ಪೊರೆ.

ಇದು ಗ್ರಹಣದ ದೋಷವೆಂದು ನೆರೆಯವರು ಹೇಳಿದರೆ ನಾವು ನಂಬಬಾರದು, ತಾಯಿಯನ್ನು ದೂರಲೂ ಬಾರದು. ಕೆಲವು ಮನೆತನಗಳಲ್ಲಿ ಇದು ವಂಶದಿಂದ ಬರುವದು. ಚಿನ್ನಿದಾಂಡಿನ ಪೆಟ್ಟಿನಿಂದಲೂ ಆಗುವದು. ಎಷ್ಟೋ ಸಲ ಕಾರಣವೇ ಸಿಕ್ಕದು. ಬಸುರಿಯಾದ ಮೊದಲ ತಿಂಗಳುಗಳಲ್ಲಿ ತಾಯಿಗೆ ರುಬೆಲ್ಲಾ ಎಂಬ ಜ್ವರ ತಗಲಿದರೆ ಕೂಸಿನ ಕಣ್ಣು ಕೆಡುವದೆಂದು 1941ರಲ್ಲಿ ಆಸ್ಟ್ರೇಲಿಯ ದೇಶದ ನಾರ್ಮನ್ ಗ್ರೆಗ್ ಎಂಬ ಕಣ್ಣಿನ ವೈದ್ಯರು ತಿಳಿಸಿದರು. ಅದು ಮೈಮೇಲೆ ಸಣ್ಣ ಕೆಂಪು ಗುಳ್ಳೆಗಳನ್ನು ತರುವ ಹಗುರವಾದ ಜ್ವರ. ತಾಯಿಗೆ ನೆನಪೇ ಉಳಿಯದಿರಬಹುದು. ಕರ್ನಾಟಕದಲ್ಲಿ 2017ರಲ್ಲಿ ದಡಾರ-ರುಬೆಲ್ಲಾ ಲಸಿಕೆಯನ್ನು ಮಕ್ಕಳಿಗೆ ಹಾಕತೊಡಗಿದರು. ಅದನ್ನು ತಪ್ಪಿಸಬೇಡಿರಿ.

ಕೂಸನ್ನು ತೊಡೆಯ ಮೇಲಿಟ್ಟುಕೊಂಡು ನೋಡಿರಿ. ಪಾಪೆಯಲ್ಲಿ ಬಿಳುಪು ಕಾಣುತ್ತದೋ? ಮೂರು ತಿಂಗಳಾದರೂ ತಾಯಿಯ ಮುಖವನ್ನು ದೃಷ್ಟಿಸುವದಿಲ್ಲವೋ? ಕಣ್ಣುಗಳು ನಿಲ್ಲದೆ ಅತ್ತಿತ್ತ ಅಲುಗುತ್ತವೋ, ಮೆಳ್ಳೆಯಾಗಿವೆಯೋ? ಇವುಗಳಲ್ಲಿ ಒಂದು ಇದ್ದರೂ ಕೂಡಲೇ ಕಣ್ಣಿನ ವೈದ್ಯರ ಬಳಿಗೆ ಹೋಗಿರಿ. ಅವರು ದೀಪ ಬಿಟ್ಟು ನೋಡುವಾಗ ಒಳ್ಳೇ ಕಣ್ಣು ಕೆಂಪಗೆ ಹೊಳೆಯುವದು, ಪೊರೆಯಿದ್ದಲ್ಲಿ ಹೊಳೆಯದು. ಬಿಳೀ ಪಾಪೆಯು ಕೆಲವು ಸಾರಿ ಪೊರೆಯಾಗಿರದೆ ಕಣ್ಣೊಳಗಿನ ಕ್ಯಾನ್ಸರ್ ಆಗಿರುವದು. ಅಲ್ಲಿ ತಡಮಾಡಿದರೆ ಪ್ರಾಣಕ್ಕೇ ಅಪಾಯ.

"ಪೊರೆ ಬಲಿಯಲಿ, ಆಮೇಲೆ ನೋಡುವಾ" ಎಂಬ ಮಾತು ಕೂಸಿಗೆ ಸಲ್ಲದು. ಅಜ್ಜನ ಕಣ್ಣು ನೋಡಲು ಎಂದೋ ಕಲಿತದೆ. ಒಂದು ವರುಷ ತಡೆದು ಪೊರೆ ತೆಗಿಸಿದರೂ ಸಾಮಾನ್ಯವಾಗಿ ನೋಟ ತಿರಿಗಿ ಬರುವದು. ಕೂಸಿನ ಮೆದುಳಾದರೋ ನೋಡುವದನ್ನು ಈಗಲೇ ಕಲಿಯಬೇಕು. ಆ ತಿಂಗಳುಗಳು ಕತ್ತಲೆಯಲ್ಲಿ ಕಳೆದರೆ ಆಮೇಲೆ ಪೊರೆ ಹೋದರೂ ನೋಟವು ಪೂರ್ಣವಾಗಿ ಬಾರದು. ಹುಟ್ಟಿನಿಂದಲೇ ದಟ್ಟವಾದ ಪೊರೆ ಒಂದು ಕಣ್ಣಿನಲ್ಲಿದ್ದರೆ ಸುಮಾರು ಆರು ವಾರಗಳೊಳಗೆ, ಎರಡರಲ್ಲಿಯೂ ಇದ್ದರೆ ಸುಮಾರು ಎಂಟು ವಾರಗಳೊಳಗೆ ಶಸ್ತ್ರಕ್ರಿಯೆಯಾಗುವದು ಉತ್ತಮ. ತಡವಾಗಿದ್ದರೂ ಕರಕೊಂಡು ಹೋಗಿರಿ. ಕೆಲವು ಮಕ್ಕಳಿಗೆ ತಕ್ಕಷ್ಟು ನೋಟ ಬಂದದ್ದುಂಟು.

ಹನಿ ಔಷಧದಿಂದ ಪೊರೆ ಕರಗದು. ಸೊಪ್ಪಿನ ರಸ ಹಿಂಡಿದರೆ ಇದ್ದ ಕಣ್ಣೂ ಕೆಡುವದು. ವೈದ್ಯರು ಕೂಸಿಗೆ ಮತ್ತು ಬರಿಸಿ ಮಬ್ಬಾದ ಮಸೂರವನ್ನು ತೆಗೆಯುವರು. ಆ ಮೇಲಿನ ಕೆಲಸ ಮನೆಯವರದು. ಎಳೇ ಕೂಸಿನ ಕಣ್ಣೊಳಗೆ ಬೇರೆ ಮಸೂರವನ್ನು ಹೆಚ್ಚಾಗಿ ಆಗಲೇ ಇಡುವದಿಲ್ಲ. ದಪ್ಪ ಕನ್ನಡಕ ಹಾಕಬೇಕು. ಇಷ್ಟು ಸಣ್ಣದಕ್ಕೆ ಕನ್ನಡಕವೇ ಎಂದು ನಗುವವರು ನಗಲಿ. ಒಂದೇ ಕಣ್ಣಿನಲ್ಲಿ ಪೊರೆಯಿದ್ದರೆ ಒಳ್ಳೇ ಕಣ್ಣಿಗೆ ದಿನಾಲು ಕೆಲವು ತಾಸು ಪಟ್ಟಿ ಕಟ್ಟಬೇಕು. ಆಗಲೇ ಬಲಹೀನ ಕಣ್ಣು ದುಡಿಯುವದು. ಕೂಸು ಅಳುವದು, ಪಟ್ಟಿಯನ್ನು ಕಿತ್ತೊಗೆಯುವದು. ಕನಿಕರಪಟ್ಟು ಬಿಟ್ಟುಬಿಟ್ಟರೆ ಶಸ್ತ್ರಕ್ರಿಯೆ ವ್ಯರ್ಥವಾದೀತು. ಮುಂದೆ ಕಣ್ಣಿನ ಒತ್ತಡ ಏರುವ ಭಯವೂ ಇರುವದರಿಂದ ವೈದ್ಯರು ಹೇಳಿದ ದಿನ ತಪ್ಪದೆ ತೋರಿಸುತ್ತಾ ಇರಬೇಕು.