ವೇಗಕ್ಕೆ ಕಡಿವಾಣ

ಓಡುವ ಕುದುರೆಗೆ ಕಾಲಿನ ಬಲವೊಂದೇ ಸಾಲದು, ಕಡಿವಾಣವೂ ಬೇಕು. ಈ ಮಾತು ಮೋಟಾರು ಕಾರಿಗೂ ಸಲ್ಲುತ್ತದೆ. ಹೆಬ್ಬಾಳದಿಂದ ಯಲಹಂಕದತ್ತ ಸಾಗುವ ಬಳ್ಳಾರಿ ರಸ್ತೆಯಲ್ಲಿ ಪ್ರಬಲ ಎಂಜಿನ್ನಿನ ಕಾರುಗಳು ಧಾವಿಸುವುದನ್ನು ಕಾಣುತ್ತೇವೆ. ವೇಗವು ಇಮ್ಮಡಿಯಾದರೆ, ಬ್ರೇಕು ಹಿಡಿದ ಮೇಲೆ ಕಾರು ನಿಲ್ಲಲು ಬೇಕಾಗುವ ದೂರವು ಸುಮಾರು ನಾಲ್ಮಡಿಯಾಗುತ್ತದೆ.

ಇಂತಹ ಹಳೆಯ ಕಾರೊಂದನ್ನು ಕೊಂಡವನ ಬಳಿ ಹಣವು ಅಲ್ಪವಾಗಿದ್ದರೆ ಮೊದಲು ಯಾವುದಕ್ಕೆ ವೆಚ್ಚಮಾಡಬೇಕು? ಟೈರುಗಳಿಗೆ. ಬ್ರೇಕು ಚಕ್ರವನ್ನು ತಡೆಯುತ್ತದೆ; ಕಾರನ್ನು ನಿಲ್ಲಿಸುವುದು ಟೈರಿಗೂ ನೆಲಕ್ಕೂ ನಡುವಣ ಘರ್ಷಣೆ. ಒಂದೊಂದು ಟೈರು ನೆಲವನ್ನು ಮುಟ್ಟುವುದು ಅಂಗೈಯಗಲದಷ್ಟು ಮಾತ್ರ. ಆದ್ದರಿಂದ ಆ ಕಾರಿನ ಅಳತೆಗೂ ವೇಗಕ್ಕೂ ತಕ್ಕ ಟೈರನ್ನೇ ಆರಿಸಬೇಕು. ಅದರ ಪಕ್ಕದಲ್ಲಿ ತಯಾರಿಕೆಯ ಕಾಲವನ್ನು ತಿಳಿಸುವ ನಾಲ್ಕು ಅಂಕಿಗಳಿರುತ್ತವೆ. 1224 ಎಂದಿದ್ದರೆ, ಅದು 2024ರ ಹನ್ನೆರಡನೆಯ ವಾರದ್ದು. ಸವೆದು ಗೀರುಗಳ ಆಳವು 1.6 ಮಿಲಿಮೀಟರಿಗೆ ಇಳಿಯುವ ಮೊದಲೇ ಟೈರನ್ನು ಬದಲಿಸಬೇಕು.

ಅನಂತರ ಬ್ರೇಕು. ದೊಡ್ಡ ಡಿಸ್ಕುಗಳ ಸೊಬಗಿಗೆ ಮರುಳಾಗಬೇಕಿಲ್ಲ. ಶಾಖವನ್ನು ತಾಳುವ ಪ್ಯಾಡುಗಳೂ ಹೊಸ ಬ್ರೇಕ್ ಆಯಿಲೂ ಇದ್ದರೆ ಸಾಮಾನ್ಯ ರಸ್ತೆಗೆ ಬಹುಮಟ್ಟಿಗೆ ಸಾಕು. ಹಳೆಯ ಆಯಿಲು ಗಾಳಿಯ ತೇವವನ್ನು ಹೀರಿಕೊಂಡಿರುತ್ತದೆ. ಬಹಳವಾಗಿ ಕಾದಾಗ ಆ ನೀರು ಆವಿಯಾಗಿ, ಪೆಡಲನ್ನು ಒತ್ತಿದರೂ ಬ್ರೇಕು ಹಿಡಿಯದೆ ಹೋಗಬಹುದು.

ಹೊಳೆಯುವ ಬಣ್ಣ, ಅಬ್ಬರಿಸುವ ಸೈಲೆನ್ಸರು ಮುಂದಿನ ವರ್ಷಕ್ಕೆ ಕಾಯಬಲ್ಲವು. ರಸ್ತೆಯನ್ನು ದಾಟುತ್ತಿರುವ ಮಗುವಿನ ಪ್ರಾಣಕ್ಕೆ ಆ ಬಿಡುವು ಇಲ್ಲ.