ಫ್ರೆಂಚ್, ಸ್ಪ್ಯಾನಿಶ್‌ಗೆ ಶಾರ್ಟ್‌ಕಟ್: ಕಟ್ಟಿದ ಭಾಷೆಯ 7 ಸೂತ್ರಗಳು

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ: ಊರು ಯಾವುದಾದರೇನು? ರೆಸ್ಯೂಮೆಯಲ್ಲಿ ಒಂದು ವಿದೇಶಿ ಭಾಷೆ ಇದ್ದರೆ ಅದರ ತೂಕವೇ ಬೇರೆ. ಆದರೆ ನೇರವಾಗಿ ಫ್ರೆಂಚ್‌ಗೆ ಧುಮುಕಬೇಡಿ. ಮೊದಲು ಲಿಂಗ್ವಾ ಫ್ರಾಂಕಾ ನೋವಾ ಕಲಿಯಿರಿ. ಫ್ರೆಂಚ್, ಇಟಾಲಿಯನ್, ಪೋರ್ಚುಗೀಸ್, ಸ್ಪ್ಯಾನಿಶ್, ಕ್ಯಾಟಲನ್ ಪದಗಳನ್ನು ಆರಿಸಿ ಸೈಕಾಲಜಿ ಪ್ರೊಫೆಸರ್ ಸಿ. ಜಾರ್ಜ್ ಬೋರೆ ಕಟ್ಟಿದ ಭಾಷೆ ಇದು. ಹೊರಬಂದದ್ದು 1998ರಲ್ಲಿ.

1. ಸಂಶಯ ಬಿಡಿ.
"ನಮ್ಮ ಬಾಯಿಗೆ ಫಾರಿನ್ ಭಾಷೆ ಹೊರಳಲ್ಲ" ಅನ್ನುವುದು ಬರೀ ಅಭ್ಯಾಸ. ಸುತ್ತ ನೋಡಿ. ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದ ಹಕ್ಕಿಪಿಕ್ಕಿ ಜನ ಮನೆಯಲ್ಲಿ ವಾಗ್ರಿಬೋಲಿ, ಹೊರಗೆ ಕನ್ನಡ ಆಡುತ್ತಾರೆ. ಗಿಡಮೂಲಿಕೆ ಎಣ್ಣೆ ಹೊತ್ತು ಆಫ್ರಿಕಾದವರೆಗೂ ವ್ಯಾಪಾರಕ್ಕೆ ಹೋಗುತ್ತಾರೆ. ಎಚ್.ಡಿ. ಕೋಟೆಯ ಹಾಡಿಗಳ ಜೇನುಕುರುಬ ಮಕ್ಕಳಿಗೆ ಮನೆಮಾತು ಒಂದು, ಶಾಲೆಯ ಮಾತು ಇನ್ನೊಂದು. ಹಲವು ಭಾಷೆ ನಮ್ಮ ನೆಲದ ರೂಢಿ.

2. ಸ್ವರಗಳನ್ನು ಮೊದಲ ದಿನವೇ ಮುಗಿಸಿ.
ಇರುವುದು ಐದೇ: ಅ, ಎ, ಇ, ಒ, ಉ. 'ಸಿ' ಅಕ್ಷರ ಎಲ್ಲಿ ಬಂದರೂ ಕ, 'ಎಕ್ಸ್' ಬಂದರೆ ಶ. ಬರೆದಂತೆ ಓದುವುದು ಕನ್ನಡದವರಿಗೆ ಹುಟ್ಟಿನಿಂದ ಬಂದದ್ದು. ಸ್ಪೆಲಿಂಗ್ ಬಾಯಿಪಾಠದ ಗೋಜೇ ಇಲ್ಲ.

3. ಒತ್ತು ಹಾಕುವುದನ್ನು ರೂಢಿಸಿಕೊಳ್ಳಿ.
ಕೊನೆಯ ವ್ಯಂಜನದ ಹಿಂದಿನ ಸ್ವರವನ್ನು ಒತ್ತಿ ಹೇಳಿ. 'ಅಪ್ರೆಂದೆ' (ಕಲಿ) ಎನ್ನುವಾಗ ಒತ್ತು 'ಪ್ರೆಂ' ಮೇಲೆ. ಕನ್ನಡದಲ್ಲಿ ಈ ಅಭ್ಯಾಸ ನಮಗಿಲ್ಲ. ಅದಕ್ಕೇ ಜೋರಾಗಿ ಓದಿ. ಕೆ.ಆರ್. ನಗರದಿಂದ ಮೈಸೂರಿಗೆ ಹೋಗುವ ರೈಲೇ ನಿಮ್ಮ ಕ್ಲಾಸ್‌ರೂಮ್.

4. ಒಂದು ಕ್ರಿಯಾಪದ ಹಿಡಿಯಿರಿ, ಮೂರು ಕಾಲ ಗೆಲ್ಲಿರಿ.
ಮೆ ಪಾರ್ಲ: ಮಾತಾಡುತ್ತೇನೆ. ಮೆ ಇಯಾ ಪಾರ್ಲ: ಮಾತಾಡಿದೆ. ಮೆ ವಾ ಪಾರ್ಲ: ಮುಂದೆ ಮಾತಾಡುತ್ತೇನೆ. 'ಪಾರ್ಲ' ಒಂದಿಷ್ಟೂ ಅಲುಗುವುದಿಲ್ಲ. ಫ್ರೆಂಚ್‌ನಲ್ಲಾದರೆ ಇದೇ ಕ್ರಿಯಾಪದ ನಾನು, ನೀನು, ನಾವು ಎಂದಂತೆಲ್ಲ ರೂಪ ಬದಲಿಸುತ್ತದೆ.

5. ಸರ್ವನಾಮ ನುಂಗಬೇಡಿ.
ಕನ್ನಡದಲ್ಲಿ "ಬಂದೆ" ಎಂದರೆ ಸಾಕು, ಯಾರು ಎಂದು ಗೊತ್ತಾಗುತ್ತದೆ. ಇಲ್ಲಿ ಕ್ರಿಯಾಪದ ಆ ಸುಳಿವು ಕೊಡುವುದಿಲ್ಲ. ಮೆ, ತು, ನೊಸ್ (ನಾನು, ನೀನು, ನಾವು) ಎಂದು ಸೇರಿಸಲೇಬೇಕು.

6. ಲಿಂಗದ ಭಯ ಬಿಡಿ, ಪದಗಳ ಕ್ರಮ ನೋಡಿ.
ಫ್ರೆಂಚ್‌ನಲ್ಲಿ ಮೇಜು ಸ್ತ್ರೀಲಿಂಗ, ಪುಸ್ತಕ ಪುಲ್ಲಿಂಗ. ಇಲ್ಲಿ ಆ ತಾಪತ್ರಯ ಇಲ್ಲ: ಸರ್ವನಾಮ ವ್ಯಕ್ತಿಗೆ 'ಎಲ್', ವಸ್ತುವಿಗೆ 'ಲೊ', ಅಷ್ಟೇ. ಬಹುವಚನಕ್ಕೆ 'ಸ್' ಹಚ್ಚಿ: ಕಾಸ (ಮನೆ), ಕಾಸಸ್. ಪದ ವ್ಯಂಜನದಲ್ಲಿ ಮುಗಿದರೆ 'ಎಸ್': ಫ್ಲೊರ್ (ಹೂ), ಫ್ಲೊರೆಸ್. "ಚೆಂದದ ಹೂ" ಇಲ್ಲಿ 'ಫ್ಲೊರ್ ಬೆಲ', ಅಂದರೆ ಗುಣವಾಚಕ ನಾಮಪದದ ನಂತರ. ಕ್ರಿಯಾಪದ ವಾಕ್ಯದ ನಡುವೆ. ದಿನಾ ಹತ್ತು ಕನ್ನಡ ವಾಕ್ಯಗಳನ್ನು ಈ ಕ್ರಮಕ್ಕೆ ತಿರುಗಿಸಿ. ತಲೆ ತಾನಾಗಿ ಪಳಗುತ್ತದೆ.

7. ಇಲ್ಲೇ ನಿಲ್ಲಬೇಡಿ, ಡೇಟ್ ಫಿಕ್ಸ್ ಮಾಡಿ.
ಕಟ್ಟಿದ ಭಾಷೆ ಮೆಟ್ಟಿಲು, ಕೆಲಸ ಕೊಡುವುದು ಫ್ರೆಂಚ್, ಸ್ಪ್ಯಾನಿಶ್. ಮೂಲ ವ್ಯಾಕರಣ ಬಾಯಿಗೆ ಬಂದ ಕೂಡಲೇ ಬೆಂಗಳೂರಿನ ಅಲಿಯಾನ್ಸ್ ಫ್ರಾನ್ಸೇಸ್‌ನಲ್ಲಿ ಫ್ರೆಂಚ್ ಕೋರ್ಸ್ ವಿಚಾರಿಸಿ. ಡೆಲ್ಫ್ ಎಂಬ ಫ್ರೆಂಚ್ ಪರೀಕ್ಷೆಯ ಎ1 ಹಂತಕ್ಕೆ ಗುರಿಯಿಡಿ. ಆ ಸರ್ಟಿಫಿಕೇಟ್‌ಗೆ ಎಕ್ಸ್‌ಪೈರಿ ಇಲ್ಲ. ಫ್ರೆಂಚ್ ಕೊಡುವ ಹೊಸ ತೊಡಕುಗಳು ಲಿಂಗ, ಕ್ರಿಯಾರೂಪ, ಮೂಗಿನ ಸ್ವರ ಎಂದು ಆಗ ನಿಮಗೆ ಮೊದಲೇ ಗೊತ್ತಿರುತ್ತದೆ. ಒಂದೊಂದನ್ನೇ ಹಿಡಿದು ಬಿಡಿಸಿ. ಪರೀಕ್ಷೆಯ ತಿಂಗಳನ್ನು ಇವತ್ತೇ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ.